ಶಂಕ್ರೆವ್ವ ಈಜಿದ ಮರುದಿನ ಬಂದ ಹನ್ನೆರಡನೆಯ ನಿಯಮ

ಮಾನ್ಯ ಕಡಲತೀರ ಉಸ್ತುವಾರಿ ಅಧಿಕಾರಿಗಳೇ,

ಕಳೆದ ತಿಂಗಳವರೆಗೆ ತಮ್ಮ ದಂಡೆಯ ಫಲಕದಲ್ಲಿ ಹನ್ನೊಂದು ನಿಯಮಗಳಿದ್ದವು. ಈಗ ಹನ್ನೆರಡು. ‘ಸೀರೆ ಉಟ್ಟವರು ನೀರಿಗೆ ಇಳಿಯುವಂತಿಲ್ಲ’ ಎಂಬ ಆ ಕೊನೆಯ ಸಾಲು ಹುಟ್ಟಿದ್ದು ನನ್ನ ಅತ್ತೆಯ ದೆಸೆಯಿಂದ. ನಮ್ಮ ಓಣಿಯ ಬೀದಿದೀಪಕ್ಕಾಗಿ ಮೂರು ವರ್ಷ ಅರ್ಜಿ ಕೊಟ್ಟವಳು ನಾನು. ಸರಕಾರಿ ಬಣ್ಣದ ಡಬ್ಬಿ ಒಬ್ಬ ಹೆಣ್ಣುಮಗಳಿಗಾಗಿ ಇಷ್ಟು ಬೇಗ ತೆರೆದದ್ದನ್ನು ಕಂಡು ಪುಳಕಿತಳಾದೆ. ಆದರೂ ಆ ಸಾಲನ್ನು ಅಳಿಸಿರಿ ಎಂದು ಕೇಳಲು ಈ ಪತ್ರ.

ನಾವು ಬನಹಟ್ಟಿಯವರು, ಸೀರೆ ನೇಯುವವರು. ನನ್ನ ಅತ್ತೆ ಶಂಕ್ರೆವ್ವನ ತವರು ಹೊಳೆ ದಂಡೆಯ ಅನಗವಾಡಿ. ಎಮ್ಮೆಯ ಬಾಲ ಹಿಡಿದು ಈಜು ಕಲಿತವರು ಅವರು. ಮದುವೆಯಾಗಿ ಬಂದ ಮೇಲೆ ಮಗ್ಗದ ಸದ್ದಿನಲ್ಲೇ ಐವತ್ತೊಂದು ವರ್ಷ ಕಳೆದವು, ಒಮ್ಮೆಯೂ ಈಜಲಿಲ್ಲ. ಈ ಸಲ ನನ್ನ ಗಂಡ ಗೌರೀಶ ನಾಲ್ಕು ದಿನ ಮಗ್ಗ ನಿಲ್ಲಿಸಿ ನಮ್ಮಿಬ್ಬರನ್ನೂ ಕರೆದುಕೊಂಡು ಸಮುದ್ರಕ್ಕೆ ಹೊರಟರು. ತಮ್ಮ ಕಚೇರಿಯ ಕರಪತ್ರ, ‘ನಮ್ಮ ತೀರದಲ್ಲಿ ಮಾಡಲೇಬೇಕಾದ ಹತ್ತು ಸಂಗತಿಗಳು’, ಅದನ್ನು ಬಸ್ಸಿನಲ್ಲಿ ಅತ್ತೆಗೆ ಓದಿ ಹೇಳಿದೆ. ಬಾಳೆಹಣ್ಣಿನಾಕಾರದ ದೋಣಿಗೆ ನಕ್ಕರು, ಒಂಟೆ ಸವಾರಿಗೆ ಮುಖ ತಿರುವಿದರು. “ನನಗ ಮೂರನೇದ್ದೊಂದ ಸಾಕು,” ಎಂದರು. ಮೂರನೆಯದು ಸಮುದ್ರ ಸ್ನಾನ.

ದಂಡೆಗೆ ಹೋದರೆ ಫಲಕ ಬೇರೆಯೇ ಹೇಳುತ್ತಿತ್ತು. ಅರವತ್ತು ದಾಟಿದವರಿಗೆ ನೀರಿಲ್ಲ, ದೋಣಿಯಿಲ್ಲ, ಕೊನೆಗೆ ಒಂಟೆಯೂ ಇಲ್ಲ. ಹತ್ತರಲ್ಲಿ ಅವರಿಗೆ ಉಳಿದದ್ದು ಒಂದೇ: ಹಿರಿಯರ ಬೆಂಚಿನಲ್ಲಿ ಕುಳಿತು ಸೂರ್ಯಾಸ್ತ ನೋಡುವುದು. ಸೂರ್ಯ ಬನಹಟ್ಟಿಯಲ್ಲೂ ಮುಳುಗುತ್ತಾನೆ, ಸ್ವಾಮಿ! ಅದನ್ನು ನೋಡಲು ನಾವು ಮಾಳಿಗೆ ಹತ್ತಿದರೆ ಸಾಕು, ಬಸ್ಸು ಹತ್ತಬೇಕಾಗಿಲ್ಲ.

ಅತ್ತೆ ಅಷ್ಟರಲ್ಲಿ ಕಚ್ಚೆ ಬಿಗಿದಾಗಿತ್ತು. ಅವತ್ತು ಸಮುದ್ರ ಶಾಂತವಾಗಿತ್ತು, ಹಸಿರು ಬಾವುಟ ಹಾರುತ್ತಿತ್ತು. ನರೆತ ಮೀಸೆಯ ಕಾವಲುಗಾರರೊಬ್ಬರು ಸೀಟಿ ಊದುತ್ತ ಓಡಿ ಬಂದರು.

“ಅಜ್ಜಿ, ಅರವತ್ತು ದಾಟಿದವರು ನೀರಿಗೆ ಇಳೀಲಿಕ್ಕಿಲ್ಲ. ಅಲ್ಲಿ ಬೆಂಚು ಉಂಟು, ಕೂತ್ಕೊಳ್ಳಿ.”

“ನನಗ ಅರವತ್ತ ಆಗೈತಿ ಅಂತ ನಿನಗ ಯಾರ ಹೇಳಿದರೋ ತಮ್ಮಾ?”

“ಹಾಗಾದ್ರೆ ಗುರುತಿನ ಚೀಟಿ ತೋರಿಸಿ.”

ನಿಜಕ್ಕೂ ಅತ್ತೆಗೆ ಎಪ್ಪತ್ತೊಂದು. ಅವರು ಮಾತ್ರ ಸೆರಗಿನ ಗಂಟು ಬಿಚ್ಚಿ, ಚೀಟಿ ಚಾಚಿದರು. ಕಾವಲುಗಾರರು ಅದನ್ನು ಎರಡು ಸಲ ಓದಿದರು. ಐವತ್ತೇಳು! ಚೀಟಿ ಮಾಡಿಸಿದಾಗ ಯಾರೋ ಅಂದಾಜಿನಲ್ಲಿ ಬರೆದ ವರ್ಷವದು. ತಿದ್ದಿಸಲು ನಾವು ಅಲೆದು ಸೋತಿದ್ದೆವು. ಆ ವರ್ಷವನ್ನು ನಂಬಿದರೆ ನನ್ನ ಗಂಡ ಹುಟ್ಟಿದಾಗ ಅವರ ತಾಯಿಗೆ ಏಳು ವರ್ಷ. ಆದರೆ ಮೊಹರು ಮೊಹರೇ ತಾನೆ? ಕಾವಲುಗಾರರು ಚೀಟಿ ಮರಳಿಸಿ, ಬಾಯಿ ಮುಚ್ಚಿಕೊಂಡು ನಕ್ಕು, ದಾರಿ ಬಿಟ್ಟರು.

ಮುಂದಿನದನ್ನು ಹೇಗೆ ಬರೆಯಲಿ? ಅತ್ತೆ ಮೊದಲ ತೆರೆಗೆ ತಲೆ ಕೊಟ್ಟು ಆಚೆ ಎದ್ದರು. ಕೈಬೀಸಿ ಈಜಿದರು, ಮಲಗಿ ತೇಲಿದರು. ದಂಡೆಯಲ್ಲಿ ಮೂವರ ಚಪ್ಪಲಿ ಹಿಡಿದು ನಿಂತಿದ್ದ ಗೌರೀಶ, “ಯವ್ವಾ, ಸಾವಕಾಶ!” ಎಂದು ಕೂಗುತ್ತಲೇ ಇದ್ದರು.

“ಗಂಗಾ, ಖರೇನ ಉಪ್ಪ ಐತಿ!” ಎಂದು ಅತ್ತೆ ನೀರೊಳಗಿನಿಂದ ನನ್ನನ್ನು ಕೂಗಿದರು. “ಹೊಳಿ ಎಳಕೊಂಡ ಹೋಗತಿತ್ತ. ಇದು ತಿರುಗಿ ತಂದ ಬಿಡತೈತಿ!”

ಅವರ ನಗು ಬೆಂಚಿನವರೆಗೂ ಮುಟ್ಟಿತು. ಮುಧೋಳದಿಂದ ಬಂದಿದ್ದ ನಿವೃತ್ತ ಮಾಸ್ತರ ವೀರಣ್ಣನವರು ಧೋತರ ಮೇಲೆತ್ತಿಕೊಂಡು ಎದ್ದರು. “ಸೂರ್ಯಾನ್ನ ನಾಳಿ ನೋಡೂಣು ಬರ್ರಿ!” ಎಂದರು. ಹಿರಿಯರ ಬೆಂಚು ಪೂರ್ತಿ ಖಾಲಿಯಾಯಿತು. ಮೊಣಕಾಲು ನೀರಿನಲ್ಲಿ ಏಳು ಮಂದಿ ಹಿರಿಯರು ಒಬ್ಬರ ಮೇಲೊಬ್ಬರು ನೀರೆರಚಿಕೊಂಡರು. ಕಾವಲುಗಾರರು ಅವರ ಮುಂದೆ ತಡೆಗೋಡೆಯಂತೆ ನಿಂತು ಕಾದರು. ಯಾರೂ ಮುಳುಗಲಿಲ್ಲ, ಮಾಸ್ತರರ ಕನ್ನಡಕದ ಹೊರತು.

ಮರುದಿನ ಬೆಳಿಗ್ಗೆ ಫಲಕದ ಮೇಲೆ ಹಸಿಬಣ್ಣದಲ್ಲಿ ಸೀರೆಯ ನಿಯಮ. ಅತ್ತೆ ನನ್ನಿಂದ ಓದಿಸಿಕೊಂಡು, ಸೆರಗನ್ನು ಬೆರಳಲ್ಲಿ ತೀಡಿದರು. “ಇದನ್ನ ನಾನ ನೇಯ್ದೇನಿ. ಇದರಾಗ ಏನ ತಪ್ಪೈತ್ಯೋ?” ಎಂದರು. ಇದಕ್ಕೆ ಉತ್ತರ ತಮ್ಮಲ್ಲಿದ್ದರೆ ತಿಳಿಸಿರಿ. ಮನುಷ್ಯರ ಜೀವ ಕಾಯುವುದು ತಮ್ಮ ಕೆಲಸ, ಒಪ್ಪಿದೆ. ಆದರೆ ತೆರೆ ಬರುವುದು ಜನ್ಮದಿನಾಂಕ ನೋಡಿಯೇ? ಕಾಲಿಗೆ ತೊಡರುವ ಬಟ್ಟೆಯೆಲ್ಲ ನೀರಿಗಿಳಿಯುತ್ತಿರುವಾಗ ಬಿಗಿದ ಕಚ್ಚೆಯೇ ಏಕೆ ಅಪರಾಧಿ?

ವಯಸ್ಸಿನ ನಿಯಮ, ಸೀರೆಯ ನಿಯಮ ಎರಡನ್ನೂ ಅಳಿಸಿರಿ. ಬದಲಿಗೆ ಇಳಿಯುವವರನ್ನು ಎರಡೇ ಪ್ರಶ್ನೆ ಕೇಳಿಸಿರಿ: ಈಜು ಬರುತ್ತದೆಯೇ? ಇಂದಿನ ಬಾವುಟ ಯಾವ ಬಣ್ಣದ್ದು? ಬರುವ ತಿಂಗಳು ನಮ್ಮ ಓಣಿಯ ಒಂಬತ್ತು ಹೆಂಗಸರು ತಾವೇ ನೇಯ್ದ ಸೀರೆಯುಟ್ಟು ಬರುತ್ತಿದ್ದಾರೆ. ಅಷ್ಟರೊಳಗೆ ಆ ಸಾಲುಗಳ ಮೇಲೆ ಬಳಿದ ಬಣ್ಣ ಒಣಗಿರಲಿ.

ಇಂತಿ,
ನಲವತ್ತಾರು ವರ್ಷ ವಯಸ್ಸಿನ, ಚೂಡಿದಾರ ತೊಟ್ಟ, ತಮ್ಮ ಹನ್ನೆರಡೂ ನಿಯಮಗಳ ಪ್ರಕಾರ ಸಮುದ್ರಕ್ಕೆ ಇಳಿಯಲು ಸಂಪೂರ್ಣ ಅರ್ಹಳಾದ, ಈಜು ಬಾರದ
ಗಂಗಾಂಬಿಕಾ, ಬನಹಟ್ಟಿ