ನಾಲ್ಕು ಬೆರಳಗಲದ ಕಂಡಿ

ತಾರೀಖು ಹನ್ನೆರಡು, ಮಂಗಳವಾರ
ಬೆಳಿಗ್ಗೆ ಹನ್ನೊಂದು ಗಂಟೆ

ನನ್ನ ಗುಬ್ಬೀ,

ಹೇಗಿದ್ದೀಯೇ? ನಿನ್ನ ಪತ್ರ ಬಂದು ಎಂಟು ದಿನವಾಯಿತು. ಅಕ್ಕನಿಗೆ ಕೊಬ್ಬು ಅಂತ ಬೈದುಕೊಂಡಿರುತ್ತೀಯ, ಬೈದುಕೋ. ಮೂರು ಸಲ ಬರೆದು ಹರಿದು ಹಾಕಿದೆ. ನಿನ್ನೆ ಫೋನೂ ಮಾಡಿದ್ದೆ. ನಿನ್ನ ಯಜಮಾನರು ಎತ್ತಿಕೊಂಡು "ಏನಕ್ಕಾ, ಬಹಳ ಅಪರೂಪ!" ಅಂದರು. "ಅಲ್ಲಿ ಚಳಿ ಹೇಗಿದೆ?" ಅಂತಷ್ಟೇ ಕೇಳಿ ಇಟ್ಟುಬಿಟ್ಟೆ. ನನ್ನ ಅಕ್ಷರ ನಿನಗೆ ಗೊತ್ತಲ್ಲ, ನಿಮ್ಮ ಭಾವನ ಅಳತೆ ಪುಸ್ತಕ ನೋಡಿ ಕಲಿತದ್ದು. ಕುತ್ತಿಗೆ, ತೋಳು, ಸೊಂಟ ಬಿಟ್ಟರೆ ಮಿಕ್ಕಿದ್ದೆಲ್ಲ ಸೊಟ್ಟಪಟ್ಟ. ಆದರೂ ಕೊನೆಯವರೆಗೆ ಓದು.

ಮಗಳು ಇಪ್ಪತ್ತು ದಿನದ ಕೂಸನ್ನು ಎತ್ತಿಕೊಂಡು ಭಾನುವಾರ ಬರುತ್ತಾಳೆ, ಅಷ್ಟರೊಳಗೆ ನಡುಮನೆಯಲ್ಲಿ ಕಟ್ಟಿಗೆ ಒಲೆ ಕೂರಿಸಿ ಕೋಣೆ ಬೆಚ್ಚಗೆ ಮಾಡಿಡುತ್ತೇನೆ ಎಂದು ಬರೆದಿದ್ದೀಯ. ಓದಿ ಎಷ್ಟು ಸಂತೋಷವಾಯಿತು! ಆಮೇಲೆ ಕೆಳಗಿನ ಸಾಲು ಓದಿದೆ. ನಿಮ್ಮ ಹೊಸ ಮೇಸ್ತ್ರಿ ಗೋಡೆಯಲ್ಲಿ ಗಾಳಿ ಕಂಡಿ ಬೇಡವೇ ಬೇಡ ಅಂದನಂತೆ. "ಕಂಡಿ ಇದ್ದೂ ಅಕ್ಕನ ಮನೆಯಲ್ಲಿ ಆಗಿದ್ದು ಆಗಲಿಲ್ಲವಾ? ಅದೆಲ್ಲ ಅಲ್ಲಿ ಒಲೆ ಕೂರಿಸಿದ ಮೇಸ್ತ್ರಿಯ ಕೊಳವೆಯ ತಪ್ಪು. ಕಂಡಿಯಿಂದ ಮಗುವಿಗೆ ಥಂಡಿ ಅಷ್ಟೇ" ಎಂದು ನೀನೂ ಒಪ್ಪಿಕೊಂಡೆಯಂತೆ.

ಗುಬ್ಬೀ, ಗೋಡೆಯಲ್ಲಿ ಕಂಡಿ ಬಿಡಿಸು. ನಿನ್ನ ಕಾಲಿಗೆ ಬೀಳುತ್ತೇನೆ, ಬಿಡಿಸು.

ಉಳಿದದ್ದು ಸರಿಯಾಗಿದೆ. ಒಲೆಯ ಕೆಳಗೆ ಕಲ್ಲಿನ ಹಾಸು, ಗೋಡೆಯಿಂದ ಮೂರಡಿ ದೂರ, ಕೊಳವೆ ಮರದ ಚಾವಣಿ ದಾಟುವ ಕಡೆ ಸುತ್ತ ಎರಡು ಪದರ ತಗಡು, ಎಲ್ಲ ಒಪ್ಪುವ ಕೆಲಸ. ಕೊಳವೆಯ ತುದಿ ಮಾಡಿನ ನೆತ್ತಿಗಿಂತ ಮೇಲಿದೆಯೇ ಎಂದು ರಸ್ತೆಗೆ ಹೋಗಿ ನಿಂತು ನೀನೇ ನೋಡು, ನಿನ್ನ ಯಜಮಾನರನ್ನು ಕಳಿಸಬೇಡ, ಅವರು ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತುಬಿಡುತ್ತಾರೆ. ಹಸಿ ಕಟ್ಟಿಗೆ ಹಾಕಬೇಡ. ಬೂದಿಯನ್ನು ಮುಚ್ಚಳದ ಡಬ್ಬಿಗೆ ತುಂಬಿ ಹೊರಗಿಡು, ಎರಡು ದಿನವಾದರೂ ಒಳಗೆ ಕೆಂಡ ಉಸಿರಾಡುತ್ತಿರುತ್ತದೆ. ವಿಷಗಾಳಿ ಬಂದರೆ ಕೂಗುವ ಅಲಾರಾಂ ಸಿಗುತ್ತದೆ, ಮಗು ಮಲಗುವ ಕೋಣೆಗೂ ಒಂದು ಹಾಕಿಸು. ಆ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಕೂಡ ಬರುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು.

ಆದರೆ ಕಂಡಿ ಇಲ್ಲದಿದ್ದರೆ ಇದೆಲ್ಲ ಇದ್ದೂ ದಂಡ. ನಿಮ್ಮ ಕಿಟಕಿಗಳಿಗೆಲ್ಲ ರಬ್ಬರ್ ಪಟ್ಟಿ ಬಿಗಿದಿದ್ದೀರಿ, ಇರುವೆ ನುಸುಳಲೂ ಜಾಗವಿಲ್ಲ. ನಮ್ಮ ಮೇಸ್ತ್ರಿ ಒಲೆ ಕೂರಿಸಿದ ದಿನ ಮೂರು ಸಲ ಹೇಳಿದ್ದ. "ಅಮ್ಮಾ, ಇದರ ಹೊಟ್ಟೆಗೆ ಕಟ್ಟಿಗೆ ಒಂದೇ ಸಾಲಲ್ಲ, ಮೂಗಿಗೆ ಗಾಳಿನೂ ಬೇಕು. ಹೊರಗಿಂದ ಸಿಗ್ಲಿಲ್ಲ ಅಂದ್ರೆ ಕೊಳವೆಯಿಂದ್ಲೇ ವಾಪಸ್ ಎಳ್ಕೊಳುತ್ತೆ. ಆವಾಗ ಹೊಗೆ ಮೇಲಕ್ಕೆ ಹೋಗಲ್ಲ, ನಿಮ್ಮನೆಗೇ ಬರುತ್ತೆ." ನಾನು ನಕ್ಕು, "ಅಯ್ಯೋ, ನನ್ನ ಗಂಡನಿಗಿಂತ ಈ ಒಲೆಗೇ ಉಪಚಾರ ಜಾಸ್ತಿ ಆಯ್ತಲ್ಲಪ್ಪ" ಅಂದಿದ್ದೆ. ಅವನೂ ನಕ್ಕ.

ಇನ್ನು ಸುತ್ತಿ ಬಳಸಿ ಬರೆಯುವುದಿಲ್ಲ.

ಹೋದ ವರ್ಷ ಚಳಿ ಜೋರಾಗಿದ್ದಾಗ ಕಂಡಿಯ ಗಾಳಿ ನೇರವಾಗಿ ನಿಮ್ಮ ಭಾವನ ಮಂಡಿಗೆ ಬಡಿಯುತ್ತಿತ್ತು. ಬಟ್ಟೆ ಕತ್ತರಿಸುವ ಮೇಜು ಅಲ್ಲೇ ಇತ್ತಲ್ಲ, ದಿನವಿಡೀ ನಿಂತು ಸಂಜೆಗೆ ಕಾಲು ಹಿಡಿದುಕೊಂಡು ಕೂರುತ್ತಿದ್ದರು. ಚಿಂದಿ ತುರುಕಿದರೆ ಉದುರಿಬಿಡುತ್ತದೆ ಎಂದು ನಾನು ಟೇಪು ಹಿಡಿದು ಕಂಡಿಯ ಅಳತೆ ತೆಗೆದೆ. ನಾಲ್ಕು ಬೆರಳಗಲ, ಒಂದು ಗೇಣು ಉದ್ದ. ಕೋಟಿನ ಬಟ್ಟೆಯಲ್ಲಿ ಹತ್ತಿ ತುಂಬಿ ದಿಂಬು ಹೊಲಿದೆ. ಒತ್ತಿದರೆ ಎಷ್ಟು ಸರಿಯಾಗಿ ಕೂತಿತು ಅಂದರೆ, ದಾರದಷ್ಟು ಗಾಳಿಯೂ ಒಳಗೆ ಬರಲಿಲ್ಲ. ಟೈಲರನ ಹೆಂಡತಿ ಅಲ್ಲವೇ! ನಿಮ್ಮ ಭಾವ ಕೈಯಾಡಿಸಿ ನೋಡಿ, "ನಲವತ್ತು ವರ್ಷದಲ್ಲಿ ನಾನೂ ಇಂಥ ಫಿಟ್ಟಿಂಗ್ ಮಾಡಿಲ್ಲ ಕಣೇ" ಅಂದರು. ಬಾಗಿಲ ಸಂದಿಗೂ ಒಂದು ಉದ್ದನೆಯ ದಿಂಬು ಹೊಲಿಸಿಕೊಂಡರು.

ಆಮೇಲೆ ಮೂರನೆಯ ದಿನ ಮಧ್ಯಾಹ್ನ ನಾನು ಗುಂಡಿ ತರಲು ಅಂಗಡಿಗೆ ಹೋಗಿದ್ದೆ. ಬಂದು ನೋಡಿದರೆ ಮೇಜಿನ ಮೇಲೆ ಮುಖವಿಟ್ಟು ಮಲಗಿದ್ದರು. ಕೈಯಲ್ಲಿ ಕತ್ತರಿ. ನಿದ್ದೆ ಅಂದುಕೊಂಡೆ ಗುಬ್ಬೀ, ಚೀಲ ಇಟ್ಟು ನೀರು ಕುಡಿದೆ. ಆ ನೀರು ಕುಡಿದ ಹೊತ್ತು ನನ್ನನ್ನು ಸುಡುತ್ತದೆ.

ಆಮೇಲೆ ಅಲುಗಾಡಿಸಿದರೂ ಏಳಲಿಲ್ಲ. ಕಿಟಕಿ ಒಡೆದು ಕೂಗಿದೆ. ಜನ ಓಡಿಬರುವ ಮೊದಲೇ ಕಂಡಿಯ ದಿಂಬು ಎಳೆದು ಅವರ ತಲೆಯಡಿಗೆ ಇಟ್ಟೆ. ತಲೆಗೆ ಆಸರೆಯಾಗಲಿ ಅಂತ ಇಟ್ಟೆನೋ, ಯಾರೂ ನೋಡದಿರಲಿ ಅಂತಲೋ, ಇವತ್ತಿಗೂ ಗೊತ್ತಿಲ್ಲ. ತನಿಖೆಯವರು ಬಂದಾಗ ಕಂಡಿ ಬಾಯಿ ತೆರೆದು ಕೂತಿತ್ತು. ಹಾಗಿದ್ದ ಮೇಲೆ ತಪ್ಪು ಕೊಳವೆಯದ್ದೇ ಅಂದರು. ಮೇಸ್ತ್ರಿ ಮಾಡು ಹತ್ತಿ, ಕೊಳವೆಯ ಒಂದೊಂದು ಕೀಲೂ ಬಿಚ್ಚಿ ನೋಡಿ, ಕೆಳಗಿಳಿದು ನನ್ನ ಮುಂದೆ ನಿಂತ. "ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲಮ್ಮ. ಎಲ್ಲೋ ತಪ್ಪಿದೀನಿ. ಕ್ಷಮಿಸಿ" ಅಂದ. ನಾನು ಕ್ಷಮಿಸಿದವಳ ಹಾಗೆ ತಲೆಯಾಡಿಸಿದೆ. ಅವನನ್ನು ಈಗ ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಸಂತೆಯಲ್ಲಿ ಮೂಟೆ ಇಳಿಸುತ್ತಾನೆ. ನನ್ನನ್ನು ಕಂಡರೆ ಅವನೇ ತಲೆ ತಗ್ಗಿಸುತ್ತಾನೆ.

ನನ್ನ ಸುಳ್ಳು ನಂಬಿ ನೀನು ಗೋಡೆ ಮುಚ್ಚಿಸುತ್ತಿದ್ದೀಯ. ಅದಕ್ಕೇ ಹೇಳಿದೆ. ಇಲ್ಲದಿದ್ದರೆ ಹೇಳುತ್ತಿರಲಿಲ್ಲವೇನೋ. ಇದು ಶುಕ್ರವಾರದೊಳಗೆ ನಿನ್ನ ಕೈ ಸೇರಬೇಕು. ಸೇರಿದ ಗಳಿಗೆಯೇ ಮೇಸ್ತ್ರಿಯನ್ನು ಕರೆಸು. ಅವನು ಬರದಿದ್ದರೆ ಒಲೆ ಹಚ್ಚಬೇಡ, ಮನೆಯಲ್ಲಿರುವ ಕಂಬಳಿಯೆಲ್ಲ ಹೊದಿಸಿ ಮಗುವನ್ನು ಎದೆಗವಚಿಕೊಂಡು ಕೂರು.

ಮಗಳಿಗೆ, ಕೂಸಿಗೆ ನನ್ನ ಆಶೀರ್ವಾದ. ನನ್ನ ಆಶೀರ್ವಾದ ಬೇಡ ಅನ್ನಿಸಿದರೆ ನಿಮ್ಮ ಭಾವನದ್ದು ಎಂದುಕೊಂಡು ತೆಗೆದುಕೊಳ್ಳಿ. ನೀನು ತಣ್ಣಗಿರು ತಾಯಿ.

ನಿನ್ನ ಅಕ್ಕ

ಮರೆತ ಮಾತು: ನಿಮ್ಮ ಭಾವ ಹೇಗಿದ್ದಾರೆ ಎಂದು ನೀನು ಕೇಳಿದ್ದೆಯಲ್ಲ. ಆ ವಿಷಗಾಳಿ ತಲೆಯ ನೆನಪು ಒಯ್ದರೂ ಕೈಗೆ ಎಲ್ಲ ನೆನಪಿದೆ, ಬಟ್ಟೆ ಕೊಟ್ಟರೆ ಕತ್ತರಿಸುತ್ತಾರೆ. ಯಾರಿಗೆ ಎಂದು ಗೊತ್ತಿರುವುದಿಲ್ಲ. ಬೆಳಿಗ್ಗೆ ಕೇಳಿದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ. ಅವರಿಗೆ ನಾನು ದಿನಾ ಹೇಳುತ್ತೇನೆ ಗುಬ್ಬೀ, ದಿಂಬಿನ ವಿಷಯ. ದಿನಾ ನನ್ನ ಕೈ ಹಿಡಿದು, "ನನ್ ಕಾಲು ನೋಯ್ತಿತ್ತು ಅಂತ ತಾನೇ ಮಾಡಿದ್ದು, ಹೋಗ್ಲಿ ಬಿಡೇ" ಅನ್ನುತ್ತಾರೆ. ಊಟದ ಹೊತ್ತಿಗೆ ಅದು ಅಳಿಸಿಹೋಗಿರುತ್ತದೆ. ಎಷ್ಟು ಸಲ ಕ್ಷಮಿಸಿದ್ದಾರೋ ಲೆಕ್ಕವಿಲ್ಲ, ಒಂದೂ ನನ್ನ ಬಳಿ ಉಳಿದಿಲ್ಲ. ಮೊನ್ನೆ ಮಾತ್ರ ಹಾಗೆ ಅನ್ನಲಿಲ್ಲ. ನನ್ನ ಮುಖ ನೋಡಿ, "ಮೇಸ್ತ್ರಿಗೆ ಹೇಳಿದ್ಯಾ?" ಅಂದರು. ಇಲ್ಲ ಅಂದೆ. ಎದ್ದು, ಅಂಗಿ ಹಾಕಿಕೊಂಡು, ಚಪ್ಪಲಿ ಮೆಟ್ಟಿ, "ನಾನೇ ಹೇಳಿ ಬರ್ತೀನಿ" ಅಂತ ಹೊರಟರು. ಹೊರಗಿನ ಮೆಟ್ಟಿಲ ಮೇಲೆ ನಿಂತುಬಿಟ್ಟರು. ತಿರುಗಿ, "ನಾನು ಎಲ್ಲಿಗೆ ಹೊರಟಿದ್ದೆ ಕಣೇ?" ಅಂತ ನನ್ನನ್ನೇ ಕೇಳಿದರು.

ಎಲ್ಲಿಗೂ ಇಲ್ಲ, ಒಳಗೆ ಬನ್ನಿ, ಅಂದೆ.