ಎರಡು ಗಂಟಿನ ಅಂಗಿ

ಲಡ್ಲೋ, ಕಾರ್ವ್ ಬೀದಿ, ಬಣ್ಣದ ಮನೆ
ಸಂತ ಪೌಲನ ಹಬ್ಬ ಕಳೆದ ಮೂರನೆಯ ದಿನ, ಬೆಳಿಗ್ಗೆ
(ರಾಜನ ಆಳ್ವಿಕೆಯ ಎಷ್ಟನೆಯ ವರ್ಷ ಎಂದೂ ಇಲ್ಲಿ ಬರೆಯಬೇಕು. ಯಾವ ರಾಜ ಎಂದು ಬರೆಯಲಿ? ದಾರಿಯಲ್ಲಿ ಈ ಕಾಗದ ಯಾರ ಕೈಗೆ ಸಿಗುತ್ತದೋ. ಬಿಟ್ಟಿದ್ದೇನೆ.)

ಪ್ರೀತಿಯ ಗಿಬ್ಬಣ್ಣಾ,

ಹೇಗಿದ್ದೀಯ? ಎಡಗಾಲ ಹಿಮ್ಮಡಿಯ ಹುಣ್ಣು ಮಾಗಿತೇ? ಅಲ್ಲಿ ವಿಗ್ಮೋರ್ ಬಯಲಿನಲ್ಲಿ ಡೇರೆಯೊಳಗೆ ಮಲಗಿಸುತ್ತಾರೋ, ಗಾಡಿಗಳ ಕೆಳಗೋ? ಹೊಟ್ಟೆಗೆ ಏನು ಕೊಡುತ್ತಾರೆ? ಅಮ್ಮ ಕೊಟ್ಟ ಓಟ್ ರೊಟ್ಟಿ ಎರಡು ದಿನಕ್ಕೇ ಮುಗಿದಿರುತ್ತದೆ, ಅದರಲ್ಲಿ ಅರ್ಧ ಪಕ್ಕದವರಿಗೆ ಹಂಚಿರುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ಇಲ್ಲಿ ನಾವು ಮೂವರೂ ದೇಹದಿಂದ ಚೆನ್ನಾಗಿದ್ದೇವೆ. ಅಪ್ಪನ ಕೆಮ್ಮು ಹಾಗೇ ಇದೆ. ಅಮ್ಮ ಮೊದಲಿನಂತೆಯೇ, ಮಾತು ಕಡಿಮೆ. ಈ ಕಾಗದವನ್ನು ನೀನೊಬ್ಬನೇ ಓದು. ದಂಡಿನ ಪಾದ್ರಿಯ ಕೈಗೆ ಕೊಟ್ಟು ಓದಿಸಬೇಡ. ಬಣ್ಣದ ಕೆಸರಿನಲ್ಲಿ ಕಡ್ಡಿಯಿಂದ ಅಕ್ಷರ ಗೀಚಿ ಕಲಿಸಿದ್ದೇನೆ, ಒಂದೊಂದೇ ಕೂಡಿಸಿಕೊಂಡು ಓದಿದರೆ ಬರುತ್ತದೆ. ಹಾಳೆ ಎಲ್ಲಿಯದು ಎಂದು ಕೇಳುತ್ತೀಯ. ಸನ್ಯಾಸಿನಿಯರ ಮಠದ ಶಾಲೆ ಬಿಟ್ಟು ಬಂದಾಗ ತಂದದ್ದು. ಹೌದು, ಹಾಳೆ ನಾನೇ ಕದ್ದೆ. ಮೇಣದ ಬತ್ತಿ ಕದ್ದವಳು ಮಾತ್ರ ನಾನಲ್ಲ. ಒಪ್ಪಿಕೊಂಡರೆ ಕ್ಷಮಿಸುತ್ತೇವೆ ಎಂದರು. ಮಾಡದ್ದನ್ನು ಹೇಗೆ ಒಪ್ಪಿಕೊಳ್ಳಲಿ ಎಂದು ಗೋಡೆ ಹಾರಿದೆ. ಆವತ್ತು ಅಪ್ಪ ಬೈದ, ನೀನೊಬ್ಬನೇ ನಕ್ಕೆ. "ನಮ್ಮ ಎಮ್ಮಟ್ ಸುಳ್ಳು ಹೇಳಿದ ದಿನ ಕಾರ್ವ್ ಹೊಳೆ ಹಿಂದಕ್ಕೆ ಹರಿಯತ್ತೆ, ಬಿಡಪ್ಪ" ಎಂದೆ. ಆ ಮಾತು ಈಗ ದಿನಕ್ಕೆ ಹತ್ತು ಸಲ ನೆನಪಾಗುತ್ತದೆ.

ಊರಿನ ಸುದ್ದಿ ಒಳ್ಳೆಯದಿಲ್ಲ. ಕ್ರಿಸ್‌ಮಸ್ ಮುಗಿಯುವ ಮೊದಲೇ ಉತ್ತರದಲ್ಲಿ ರಾಣಿಯ ಕಡೆಯವರು, ಪಟ್ಟ ತನಗೆ ಸೇರಬೇಕೆಂದ ನಮ್ಮ ಡ್ಯೂಕರನ್ನು ಕೊಂದು, ತಲೆಯನ್ನು ಯಾರ್ಕ್ ಊರಿನ ಹೆಬ್ಬಾಗಿಲ ಮೇಲೆ ಸಿಕ್ಕಿಸಿ ಅದಕ್ಕೆ ಕಾಗದದ ಕಿರೀಟ ಇಟ್ಟಿದ್ದಾರಂತೆ. ಅದು ನಿಮಗೂ ಗೊತ್ತಿರುತ್ತದೆ. ಈಗ ರಾಣಿಯ ಕಡೆಯ ಇನ್ನೊಂದು ದಂಡು ವೇಲ್ಸ್ ಬೆಟ್ಟ ಇಳಿದು ಬರುತ್ತಿದೆ ಎಂದು ಸಂತೆಯಲ್ಲಿ ಹೇಳುತ್ತಾರೆ. ಒಬ್ಬ ನಾಲ್ಕು ದಿನದ ದಾರಿ ಎನ್ನುತ್ತಾನೆ, ಇನ್ನೊಬ್ಬ ಎರಡೇ ದಿನ ಎನ್ನುತ್ತಾನೆ. ಹೆಂಗಸರು ಹಾಸಿಗೆ, ಪಾತ್ರೆ ಹೂಳುತ್ತಿದ್ದಾರೆ. ಹೋದ ವರ್ಷಕ್ಕೆ ಹಿಂದಿನ ಅಕ್ಟೋಬರಿನಲ್ಲಿ ರಾಣಿಯ ಜನ ನಮ್ಮ ಊರು ಹೊಕ್ಕು ಪೀಪಾಯಿಗಳನ್ನು ಒಡೆದು, ಬೀದಿಯಲ್ಲಿ ಮದ್ಯ ಪಾದ ಮುಳುಗುವಷ್ಟು ಹರಿದದ್ದನ್ನು ಯಾರು ಮರೆಯುತ್ತಾರೆ? ನೀನು ಆಗ ಕುರಿ ಹೊಡೆದುಕೊಂಡು ಬೆಟ್ಟದ ಮೇಲಿದ್ದೆ. ನಾನೂ ಅಮ್ಮನೂ ನೀಲಿ ಬಣ್ಣ ಅದ್ದುವ ಬರಿದಾದ ಬಾನಿಯೊಳಗೆ ಕೂತು ಮೇಲೆ ಮುಚ್ಚಳ ಎಳೆದುಕೊಂಡಿದ್ದೆವು. ಅಮ್ಮನ ಮದುವೆಯ ಕೆಂಪು ನಿಲುವಂಗಿಯನ್ನು ಅಡಿಗೆ ಹಾಕಿಕೊಂಡು ಅದರ ಮೇಲೆ ಕೂತೆವು. ಮನೆಯಲ್ಲಿ ಉಳಿದ ಬಟ್ಟೆ ಅದೊಂದೇ. ಪಕ್ಕದ ಮನೆಯ ಕೂಗು ಬಾನಿಯೊಳಗೆ ಕೇಳಿಸುತ್ತಿತ್ತು. ಒಂದು ಹಗಲು ಪೂರ್ತಿ ಅಮ್ಮ ನನ್ನ ಬಾಯಿ ಮುಚ್ಚಿ ಹಿಡಿದಿದ್ದಳು. ಅವಳ ಮಾತು ನಿಂತದ್ದು ಆವತ್ತು. ಈಗ ದಿನಾ ಬೆಳಿಗ್ಗೆ ಎದ್ದು ಆ ಬಾನಿಯ ಮುಚ್ಚಳ ಸರಿಯಾಗಿ ಕೂರುತ್ತದೆಯೇ ಎಂದು ನೋಡುತ್ತಾಳೆ. ನೋಡಿ ಗಂಜಿ ಕಾಯಿಸುತ್ತಾಳೆ.

ಅದಕ್ಕಿಂತ ಹತ್ತಿರದ ಸುದ್ದಿ ಒಂದಿದೆ. ಗಿರಣಿಯ ಸಿಮ್ಕಿನ್ ಮೊನ್ನೆ ಹಿಟ್ಟಿನ ಮೂಟೆ ಹೊತ್ತು ಊರಿನ ಕೆಳಗಿನ ಹೆಬ್ಬಾಗಿಲಿಗೆ ಬಂದನಂತೆ. ಮಂಜು ಬಿದ್ದಿತ್ತು. ಮೈಮೇಲೆ ಅವನ ತಾತನ ಹಳೇ ಹೊದಿಕೆ, ಒಂದು ಮಗ್ಗುಲು ನೀಲಿ, ಇನ್ನೊಂದು ಮಗ್ಗುಲು ಮಾಸಿ ಬೆಳ್ಳಗಾಗಿತ್ತು. ನೀಲಿ ಬಿಳಿ ಕಂಡರೆ ರಾಣಿಯ ಕಡೆಯವನೆಂದೇ ಲೆಕ್ಕ. ಕಾವಲಿನವರು ನಮ್ಮವರೇ, ನಮ್ಮ ಬೀದಿಯ ಹುಡುಗರೇ. "ನಾನು ಕಣ್ರೋ, ಸಿಮ್ಕಿನ್ನು, ನಿಮಗೆಲ್ಲ ರೊಟ್ಟಿ ಹಿಟ್ಟು ಹಾಕೋನು!" ಎಂದು ಕೂಗಿಕೊಂಡನಂತೆ. ಎರಡು ಸಲ ಕೂಗುವಷ್ಟರಲ್ಲಿ ದವಡೆ ಮುರಿದಿದ್ದರು. ಮುಖ ನೋಡಲಿಲ್ಲ ಗಿಬ್ಬಣ್ಣಾ, ಬಟ್ಟೆ ನೋಡಿದರು. ನಿನ್ನೆ ಅವನಿಗೆ ಜೊಂಡಿನ ಕೊಳವೆಯಲ್ಲಿ ಹಾಲು ಕುಡಿಸಿ ಬಂದೆ. ಅಳುತ್ತಿದ್ದ. ಹೊಡೆದವರಲ್ಲಿ ಒಬ್ಬನೂ ಬಾಗಿಲ ಹತ್ತಿರ ನಿಂತು ಅಳುತ್ತಿದ್ದ.

ಆವತ್ತಿನಿಂದ ನನಗೆ ನಿನ್ನ ಅಂಗಿಯದೇ ಯೋಚನೆ. ಅದನ್ನೇ ಬರೆಯಬೇಕೆಂದು ಕೂತವಳು ಸುತ್ತು ಹಾಕುತ್ತಿದ್ದೇನೆ.

ಊರಿನ ಅರವತ್ತು ಜನಕ್ಕೆ ಅರವತ್ತು ಅಂಗಿ ಎಂದು ದಳಪತಿ ಹೇಳಿದ್ದ. ಬಲಭಾಗ ನೀಲಿ, ಎಡಭಾಗ ಹಿಪ್ಪುನೇರಳೆ ಹಣ್ಣಿನ ಕೆಂಪು, ನಮ್ಮ ಒಡೆಯರ ಬಣ್ಣ. ನೀಲಿಗೆ ಚಿಂತೆಯಿಲ್ಲ, ನೀಲಿ ಸೊಪ್ಪಿನ ಬಣ್ಣ ಹಿಡಿಯಿತೆಂದರೆ ಬಟ್ಟೆ ಹರಿದರೂ ಬಿಡುವುದಿಲ್ಲ. ಕೆಂಪು ಬಟ್ಟೆಗೆ ಕಚ್ಚಲು ಪಟಿಕ ಬೇಕು. ದಕ್ಷಿಣದ ಬಂದರಿನಿಂದ ಬರಬೇಕಾದ ಪಟಿಕದ ಚೀಲ ಈ ಗಲಾಟೆಯಲ್ಲಿ ದಾರಿಯಲ್ಲೇ ಎಲ್ಲೋ ನಿಂತಿತು. ಮನೆಯಲ್ಲಿದ್ದದ್ದು ಇಪ್ಪತ್ತು ಅಂಗಿಗೆ ಸಾಕಾಯಿತು. ಉಳಿದ ನಲವತ್ತಕ್ಕೆ ಅಪ್ಪ ಪಟಿಕವಿಲ್ಲದೆ, ಕೆಂಪು ಬಿಡುವ ಪತಂಗ ಮರದ ಚೆಕ್ಕೆ ಜಾಸ್ತಿ ಹಾಕಿ, ಓಕ್ ಮರದ ತೊಗಟೆ ಹಾಕಿ, ಇನ್ನೂ ಏನೇನೋ ಹಾಕಿ ಕುದಿಸಿದ. ನೋಡಲು ಎರಡೂ ಒಂದೇ. ಎರಡನೆಯದೇ ಇನ್ನೂ ಚೆಂದ ಎಂದರೂ ಸರಿ. ತಾತ ಹೇಳುತ್ತಿದ್ದದ್ದು ನೆನಪಿದೆಯಾ? "ಪಟಿಕ ಕುಡಿದ ಬಣ್ಣ ಮನೆಯ ಗಂಡ. ಕುಡೀದೆ ಬಂದ ಬಣ್ಣ ನೆಂಟ, ಮಳೆ ಬಂದ್ರೆ ಎದ್ದು ಹೋಗ್ತಾನೆ."

ನಮ್ಮ ಮನೆಯ ಪದ್ಧತಿಯಂತೆ ಬಾನಿಗೆ ಇಳಿಸುವ ಮೊದಲು ಬಟ್ಟೆಯ ಅಂಚಿಗೆ ದಾರದ ಗಂಟು ಹಾಕಿದವಳು ನಾನು. ಮೊದಲ ಬಾನಿಗೆ ಒಂದು ಗಂಟು, ಎರಡನೆಯದಕ್ಕೆ ಎರಡು. ಒಂದು ಗಂಟಿನ ಇಪ್ಪತ್ತನ್ನು ದಳಪತಿ ಬಂದು ತನ್ನ ಕುದುರೆಯವರಿಗೆಂದು ಕಟ್ಟಿಸಿಕೊಂಡು ಹೋದ. ಅಪ್ಪನಿಂದ ಶಿಲುಬೆ ಮುಟ್ಟಿಸಿ "ಅರವತ್ತೂ ಗಟ್ಟಿ ಬಣ್ಣ" ಎಂದು ಹೇಳಿಸಿಕೊಂಡೇ ಹೋದ. ಒಂದು ಗಂಟಿನದೊಂದನ್ನು ಮಾತ್ರ ನಿನಗೆ ತೆಗೆದಿಟ್ಟಿದ್ದೇನೆ ಎಂದು ಅಪ್ಪ ಅಮ್ಮನಿಗೆ ಹೇಳಿದ್ದಾನೆ. ಅಮ್ಮ ಅದನ್ನು ನಂಬಿಕೊಂಡು ರಾತ್ರಿ ಕಣ್ಣು ಮುಚ್ಚುತ್ತಿದ್ದಾಳೆ.

ನೀನು ಹೊರಟ ಬೆಳಿಗ್ಗೆ ಅಪ್ಪನನ್ನು ಕೇಳಲಿಲ್ಲ, ನನ್ನನ್ನು ಕೇಳಿದೆ. ಅಂಗಿ ಹಾಕಿಕೊಂಡು, ತೋಳು ಬಿಗಿ ಎಂದು ಗೊಣಗಿ, ತಿರುಗಿ ನಿಂತು, "ಏನೇ, ನೀನು ಹೇಳು. ನಿಲ್ಲತ್ತಾ ಈ ಬಣ್ಣ?" ಎಂದೆ. ಅಮ್ಮ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು "ನಿಲ್ಲತ್ತೆ" ಎಂದೆ. "ಸರಿ, ಎಮ್ಮಟ್ ಹೇಳಿದ್ಮೇಲೆ ಮುಗೀತು" ಎಂದು ನನ್ನ ತಲೆಗೆ ಒಂದು ಮೊಟಕಿ ನಡೆದುಬಿಟ್ಟೆ.

ಹೀಗಾಗಿ ಇಂದು ಬೆಳಿಗ್ಗೆ ಎದ್ದವಳೇ ಎರಡು ಬಾನಿಯ ಚೂರು ಬಟ್ಟೆಗಳನ್ನು ಹುಡುಕಿ ಹಿತ್ತಲ ಬೇಲಿಗೆ ಕಟ್ಟಿದೆ. ಆಲಿಕಲ್ಲು ಬೆರೆತ ಮಳೆ ಸಣ್ಣಗೆ ಹೊಡೆಯುತ್ತಿದೆ. ಅಲ್ಲಿಯೂ ಇದೇ ಮಳೆ ಇರುತ್ತದೆ, ಎಂಟು ಮೈಲಿ ತಾನೇ. ಅಪ್ಪ ನೋಡಿ, "ತೆಗೀಯೇ ಅದನ್ನ, ಯಾರಾದ್ರೂ ಕಂಡಾರು" ಎಂದ. ನಾನು ತೆಗೆಯಲಿಲ್ಲ. ಕಾಗದ ಬರೆಯುತ್ತೇನೆ ಎಂದೆ. ಅವನು ಒಲೆಯ ಮುಂದೆ ಕೂತುಬಿಟ್ಟ. "ಬರಿ. ಎಲ್ಲ ಚೆನ್ನಾಗಿದೀವಿ ಅಂತ ಬರಿ. ಬಣ್ಣದ ವಿಷಯ ಬರೆದ್ಯೋ, ದಳಪತಿ ನನ್ನನ್ನ ಈ ಬೀದಿಯಲ್ಲೇ ತೂಗು ಹಾಕ್ತಾನೆ. ಶಿಲುಬೆ ಮುಟ್ಟಿದೀನಿ ಕಣೇ." ಅವನ ಕೈ ಮೊಣಕೈವರೆಗೂ ಕೆಂಪು, ಎಷ್ಟು ತೊಳೆದರೂ ಹೋಗದ ಕೆಂಪು. ಪಟಿಕವಿಲ್ಲದ ಬಣ್ಣ ಬಟ್ಟೆಗೆ ಹಿಡಿಯುವುದಿಲ್ಲ, ಅಪ್ಪನ ಕೈಗೆ ಹೇಗೆ ಹಿಡಿಯಿತೋ. ಬೈಯಬೇಡ ಅವನನ್ನು. ಬಣ್ಣ ಇಲ್ಲ ಎಂದಿದ್ದರೆ ಆ ಹೊತ್ತಿಗೇ ರಾಣಿಯ ಕಡೆಯವನೆಂದು ಹೆಸರು ಕಟ್ಟುತ್ತಿದ್ದರು. ಹೆದರಿದ, ಅಷ್ಟೇ. ನಾನೂ ಹೆದರಿದೆ.

ನಿಮಗೆ ಬಾಣದ ಕಟ್ಟು ತರುತ್ತಿರುವ ಗಾಡಿ ವಾಟ್ ಮಾಮನದು. ಮಧ್ಯಾಹ್ನದ ಇಗರ್ಜಿ ಗಂಟೆಗೆ ಹೊರಡುತ್ತಾನೆ. ನಾನೇ ಬರುತ್ತೇನೆ ಎಂದು ನಿನ್ನೆ ಗಾಡಿಯ ಹಿಂದೆ ಹತ್ತಿ ಕೂತೆ. "ಇಳಿಯೇ ತಾಯಿ, ಆ ದಂಡಿನ ಮಧ್ಯೆ ನಿನ್ನನ್ನ ಕರ್ಕೊಂಡು ಹೋದ್ರೆ ನಿಮ್ಮಮ್ಮ ನನ್ನನ್ನೇ ಬಾನಿಗೆ ಹಾಕಿ ಕುದಿಸ್ತಾಳೆ" ಎಂದು ಇಳಿಸಿಬಿಟ್ಟ. ಮಂಡಿ ತರಚಿದೆ. ಈಗ ಕಾಗದ ಮುಗಿಸಿ ಬೇಲಿಯ ಹತ್ತಿರ ಹೋಗಿ ನೋಡುತ್ತೇನೆ. ಇಷ್ಟು ಹೊತ್ತೂ ಕಿಟಕಿಗೆ ಬೆನ್ನು ಹಾಕಿ ಕೂತಿದ್ದೇನೆ, ತಿರುಗಲು ಧೈರ್ಯವಿಲ್ಲ.

ಬೆಚ್ಚಗಿರು. ಜಗಳಕ್ಕೆ ಮೊದಲು ಹಾರಬೇಡ. ಅಪ್ಪ ಅಮ್ಮನ ಆಶೀರ್ವಾದ ನಿನ್ನ ತಲೆಯ ಮೇಲಿರಲಿ. ಸಂತ ಲಾರೆನ್ಸನಿಗೆ ನಿನ್ನ ಹೆಸರಿನಲ್ಲಿ ದೀಪ ಹಚ್ಚಿದ್ದೇನೆ, ಆ ಬತ್ತಿ ಕದ್ದದ್ದಲ್ಲ.

ನಿನ್ನ ತಂಗಿ,
ಎಮ್ಮಟ್

ಅವಸರದಲ್ಲಿ, ಇನ್ನೊಂದಿಷ್ಟು: ಒಬ್ಬನೇ ಓದು ಎಂದು ಮೇಲೆ ಬರೆದಿದ್ದೆ. ಇಲ್ಲಿಂದ ಮುಂದಿನದನ್ನು ಎದ್ದು ನಿಂತು ಗಟ್ಟಿಯಾಗಿ ಓದು, ಅಲ್ಲಿರುವ ನಮ್ಮ ಊರಿನವರೆಲ್ಲ ಕೇಳಲಿ. ಒಂದು ಗಂಟಿನ ಚೂರು ಹಾಗೇ ಇದೆ. ಎರಡು ಗಂಟಿನದು ಬಿಳುಪಾಗಿದೆ, ಬೇಲಿಯ ಬುಡದ ಆಲಿಕಲ್ಲೆಲ್ಲ ಕೆಂಪು. ನಿಮ್ಮ ಅಂಗಿ ಒಂದು ಗಂಟೆ ನೆನೆದರೆ ರಾಣಿಯ ಕಡೆಯವರದರಂತೆ ಅರ್ಧ ನೀಲಿ ಅರ್ಧ ಬಿಳಿ ಆಗುತ್ತದೆ. ನಮ್ಮ ಬಿಲ್ಲುಗಾರರೇ ನಿಮ್ಮ ಮೇಲೆ ಬಾಣ ಬಿಡುತ್ತಾರೆ. ಅಂಗಿಯ ಕೆಳ ಅಂಚನ್ನು ಒಳಗಿನಿಂದ ಮುಟ್ಟಿ ನೋಡಿ. ಗಿಬ್ಬಣ್ಣಾ, ನಿನ್ನದರಲ್ಲೂ ಎರಡೇ ಇವೆ. ಅಪ್ಪ ಏನನ್ನೂ ತೆಗೆದಿಟ್ಟಿರಲಿಲ್ಲ. ನೀನು ಕೇಳಿದಾಗ ನನಗೆ ಅದು ಗೊತ್ತಿತ್ತು, ಗಂಟು ಹಾಕಿದವಳು ನಾನು. ಗೊತ್ತಿದ್ದೂ ನಿಲ್ಲತ್ತೆ ಎಂದೆ.

ಆ ಚೂರನ್ನು ಅಮ್ಮನ ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದಳು. ಪೆಟ್ಟಿಗೆಯಿಂದ ಮದುವೆಯ ನಿಲುವಂಗಿ ತೆಗೆದು, "ಕತ್ರಿ ಕೊಡು" ಎಂದಳು. ಅವಳ ಧ್ವನಿ ಕೇಳಿ ಅಪ್ಪ ಎದ್ದು ಬಂದ. ಏನಾದರೂ ಅನ್ನುತ್ತಾನೆಂದು ನಿಂತಿದ್ದೆ. ಬಟ್ಟೆಯ ಇನ್ನೊಂದು ತುದಿ ಹಿಡಿದು ಎಳೆದು ನಿಂತ, ಕತ್ತರಿ ನೇರ ಓಡಲಿ ಎಂದು. ಅರವತ್ತು ಪಟ್ಟಿ, ಬಾಣದ ಕಟ್ಟಿನ ಕೆಳಗೆ ಗೋಣಿಯಲ್ಲಿವೆ. ಎಲ್ಲರೂ ಎಡತೋಳಿಗೆ ಕಟ್ಟಿಕೊಳ್ಳಿ. ದಳಪತಿಗೆ ತೋರಿಸಿ, ಉಳಿದ ದಳಗಳಿಗೂ ಈ ಗುರುತನ್ನು ಸಾರಲು ಹೇಳಿ. ಬಣ್ಣ ಕೆಡಿಸಿದ್ದು ಯಾರು ಎಂದರೆ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದವಳು ಎಮ್ಮಟ್ ಎಂದು ಮೊದಲು ನನ್ನ ಹೆಸರು ಹೇಳಿ. ಗಂಟೆ ಹೊಡೆಯುತ್ತಿದೆ, ವಾಟ್ ಮಾಮ ಕೂಗುತ್ತಿದ್ದಾನೆ. ಆ ಪಟ್ಟಿ ತಾತ ಪಟಿಕ ಕುಡಿಸಿದ ಕೆಂಪು, ಇಪ್ಪತ್ತೆರಡು ವರ್ಷದ್ದು. ನಿಲ್ಲುತ್ತದೆ ಗಿಬ್ಬಣ್ಣಾ. ಈ ಸಲ ನೆನೆಸಿ, ಹಿಂಡಿ, ನೋಡಿ ಹೇಳುತ್ತಿದ್ದೇನೆ.