ಹೊಲಿಗೆ ಮಿಷನ್ ಮಹಡಿ ಹತ್ತಿದ ಸಂಜೆ

ಆಗಸ್ಟ್ ೧೯, ಸೋಮವಾರ

ಪ್ರೀತಿಯ ತಮ್ಮನಿಗೆ,

ಅಕ್ಕ ಬದುಕಿದ್ದಾಳೆ, ಮೊದಲು ಇದನ್ನು ಓದಿಕೊಂಡು ನಿಟ್ಟುಸಿರು ಬಿಡು. ಹನ್ನೆರಡು ದಿನ ಸುದ್ದಿಯಿಲ್ಲದೆ ನಿನ್ನನ್ನು ಕಂಗಾಲು ಮಾಡಿದ್ದಕ್ಕೆ ಬೈದುಕೋ, ಪರವಾಗಿಲ್ಲ. ನನ್ನ ಫೋನು ಪ್ರವಾಹದ ನೀರು ಕುಡಿದು ಕೂತಿದೆ. ಅಂಚೆ ಕಚೇರಿ ಇವತ್ತಷ್ಟೇ ಬಾಗಿಲು ತೆರೆಯಿತು.

ನಿನ್ನ ಪತ್ರವೂ ಅಲ್ಲೇ ಸಿಕ್ಕಿತು. ಅಲ್ಲ ಕಣೋ, ಹೋದ ತಿಂಗಳು ಆ ದೂರದೇಶದ ನಿಮ್ಮೂರಿಗೂ ಪ್ರವಾಹ ಬಂತಂತೆ. ಮೂರು ದಿನ ಮೊದಲೇ ಮನೆಮನೆಗೆ ಬಂದು ಹೇಳಿದರಂತೆ, ಬಸ್ಸಿನಲ್ಲಿ ಕೂರಿಸಿ ಶಾಲೆಗೆ ಕರೆದೊಯ್ದು ಬಿಸಿ ಸೂಪು ಕೊಟ್ಟರಂತೆ, ಈಗ ವಿಮೆಯವರು ಕೊಟ್ಟ ಹೊಸ ನೆಲಹಾಸಿನ ಬಣ್ಣ ನಿನ್ನ ಹೆಂಡತಿಗೆ ಹಿಡಿಸಲಿಲ್ಲವಂತೆ! ಓದಿ ಬಿದ್ದು ಬಿದ್ದು ನಕ್ಕೆ. ಸ್ವಲ್ಪ ಹೊಟ್ಟೆಯೂ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಇಲ್ಲಿ ನಮ್ಮ ಬಾಗಿಲು ತಟ್ಟಿದ್ದು ನೀರೇ. ಹಿಂದಿನ ದಿನ ನೀನು ಫೋನ್ ಮಾಡಿ, "ಅಕ್ಕಾ, ಇಲ್ಲಿನ ಹವಾಮಾನದವರ ನಕ್ಷೆಯಲ್ಲಿ ನಿಮ್ಮ ನದಿ ಕೆಂಪಗಾಗಿದೆ, ನಾಳೆ ಮಧ್ಯಾಹ್ನದೊಳಗೆ ಏರುತ್ತೆ" ಅಂದೆಯಲ್ಲ, ಅದರಿಂದ ನಾನು ಉಳಿದೆ. ನಮ್ಮ ನದಿಯ ಸುದ್ದಿ ಸಮುದ್ರದಾಚೆಯಿಂದ ಬರಬೇಕು ನೋಡು! ಸಂಜೆಯೇ ಹೊಲಿಗೆ ಮಿಷನ್ನನ್ನೂ ಗಿರಾಕಿಗಳ ಬಟ್ಟೆ ಗಂಟುಗಳನ್ನೂ ಮನೆ ಮಾಲೀಕರ ಮಹಡಿಗೆ ಸಾಗಿಸಿದೆ. ನನ್ನ ಮನೆಯ ಹಿಂದಿನ ಗೋಡೆ ಕುಸಿದಿದೆ. ವಿಮೆಯ ಮುಖ ಈ ಬೀದಿಯಲ್ಲಿ ಯಾರೂ ಕಂಡಿಲ್ಲ. ಹಾಳಾದದ್ದನ್ನು ಪಟ್ಟಿ ಮಾಡಲು ಸರ್ಕಾರದ ಕಡೆಯಿಂದ ಒಬ್ಬರು ಬಂದಿದ್ದರು, ನನ್ನ ಪೆನ್ನು ಕೇಳಿ ಬರೆದುಕೊಂಡು, ಪೆನ್ನನ್ನೂ ತೆಗೆದುಕೊಂಡು ಹೋದರು.

ಜೀವ ಬಾಯಿಗೆ ಬಂದದ್ದು ಪಕ್ಕದ ಮನೆಯ ಇಸ್ತ್ರಿಯಕ್ಕನ ವಿಷಯದಲ್ಲಿ. ನೀರು ನುಗ್ಗಿದ ಮೇಲೆ ಅವಳೂ ಅವಳ ಪುಟ್ಟ ಮೊಮ್ಮಗಳೂ ಒಂದೂವರೆ ದಿನ ಕಾಣಲೇ ಇಲ್ಲ. ಮಹಡಿಯ ಕಿಟಕಿಯಿಂದ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ಬದುಕಿರಲಿ, ಬದುಕಿರಲಿ ಅಂತ ಅದೊಂದೇ ಜಪ. ಕೊನೆಗೆ ಮೀನು ಹಿಡಿಯುವವರು ಹಿಂದಿನ ಬೀದಿಯ ನೀರಿನ ಟ್ಯಾಂಕಿನ ಮೇಲಿಂದ ಇಬ್ಬರನ್ನೂ ಇಳಿಸಿ, ದೋಣಿಯಲ್ಲಿ ತಂದರು. ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತೆ. "ಅಳೋದು ಆಮೇಲೆ, ಮೊದಲು ಮಗೂಗೆ ಒಣ ಬಟ್ಟೆ ಕೊಡು ತಾಯಿ" ಅಂದಳು. ಗಿರಾಕಿಯ ಲಂಗವೊಂದನ್ನೇ ಮಡಚಿ ತೊಡಿಸಿದೆ. ಅದರ ಒಡತಿಗೆ ಇನ್ನೂ ಹೇಳಿಲ್ಲ.

ಈಗ ಮಗು ಓಡಾಡಿಕೊಂಡಿದೆ. ಮಿಷನ್ನಿಗೆ ಎಣ್ಣೆ ಹಾಕಿ ಕೆಲಸ ಶುರು ಮಾಡಿದ್ದೇನೆ. ಎಲ್ಲರೂ ಉಳಿದೆವು, ಅಷ್ಟು ಸಾಕಪ್ಪಾ. ನಿನ್ನ ಸಂಸಾರ ತಣ್ಣಗಿರಲಿ, ಮಕ್ಕಳ ತಲೆ ಮೇಲೆ ನನ್ನ ಕೈಯಿದೆ ಅಂದುಕೋ.

ನಿನ್ನ ಅಕ್ಕ

ತಾ.ಕ.: "ಬೀದಿಯವರಿಗೆಲ್ಲ ಹೇಳು" ಅಂತಲೂ ನೀನು ಅಂದಿದ್ದೆ. ಹೇಳಲಿಲ್ಲ ಕಣೋ. ಹೋದ ವರ್ಷ ನಿನ್ನ ಮಾತು ಕೇಳಿ ಊರೆಲ್ಲ ಎಬ್ಬಿಸಿದ್ದೆ, ಒಂದು ಹನಿ ಬೀಳಲಿಲ್ಲ. ತಿಂಗಳುಗಟ್ಟಲೆ "ಪ್ರಳಯಮ್ಮ ಬಂದಳು" ಅಂತ ಆಡಿಕೊಂಡರು. ಮತ್ತೆ ನಗೆಪಾಟಲಾಗಲು ಮನಸ್ಸು ಬರಲಿಲ್ಲ. ಆ ಸಂಜೆ ಇಸ್ತ್ರಿಯಕ್ಕ ಬಾಗಿಲಲ್ಲಿ ನಿಂತು, "ಮಿಷನ್ ಯಾಕೆ ಮೇಲಕ್ಕೆ?" ಅಂತ ಕೇಳಿದಳು. "ಇಲಿ ಕಾಟ" ಅಂದೆ. "ಒಬ್ಬಳೇ ಹೊತ್ತು ಸೊಂಟ ಮುರ್ಕೋತೀಯಾ" ಅಂತ ಬೈದು, ಇನ್ನೊಂದು ಕಡೆ ಹಿಡಿದು ಮೆಟ್ಟಿಲು ಹತ್ತಿಸಿಕೊಟ್ಟವಳು ಅವಳೇ.